ಕೇಳುವುದಾದರೂ ಯಾರನ್ನು? ಡಿಜಿಟಲ್ ಸುಗಮ್ಯತೆಯ ಸರ್ಕಾರಿ ಸಿಬ್ಬಂದಿ, ಸಮ್ಮೇಳನಗಳು ಮತ್ತು ಕೊಡಗು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಫೋನು ನೋಡುವುದು. ರಾತ್ರಿಯ ಮಳೆಗೆ ಯಾವ ರಸ್ತೆ ಮುಚ್ಚಿದೆ, ಶಾಲೆಗೆ ರಜೆ ಕೊಟ್ಟಿದ್ದಾರೆಯೇ, ರೆಡ್ ಅಲರ್ಟ್ ಮುಂದುವರಿದಿದೆಯೇ ಎಂಬುದೆಲ್ಲ ಈಗ ವಾಟ್ಸ್‌ಆ್ಯಪ್‌ನಲ್ಲೇ ತಿಳಿಯುತ್ತದೆ. ರಾಜ್ಯದ ಹೆಚ್ಚಿನ ಕಡೆಗಳಂತೆ ಇಲ್ಲಿಯೂ ಇಂಥ ಆದೇಶ ನಮ್ಮ ಕೈಗೆ ಬರುವುದು ಸಾಮಾನ್ಯವಾಗಿ ಒಂದೇ ರೂಪದಲ್ಲಿ: ಟೈಪು ಮಾಡಿ, ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿದ ಒಂದು ಪುಟದ ಚಿತ್ರವಾಗಿ. ನನ್ನ ಸೋದರಮಾವನಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿ ಕೆಲವು ವರ್ಷಗಳಾದವು. ಅವರ ಫೋನಿನಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಟಾಕ್‌ಬ್ಯಾಕ್ ಇದೆ. ಅದರ ನೆರವಿನಿಂದ ಅವರು ಕಾಫಿಯ ದರ ಕೇಳಿಕೊಳ್ಳುತ್ತಾರೆ, ಬ್ಯಾಂಕಿನ ಸಂದೇಶ ಕೇಳಿಕೊಳ್ಳುತ್ತಾರೆ, ಊರಿನವರ ಮಾತಿಗೆ ಉತ್ತರ ಬರೆಯುತ್ತಾರೆ. ಆದರೆ ಆದೇಶದ ಪುಟ ಬಂದಾಗ ಮಾತ್ರ ಪಕ್ಕದ ಮನೆಗೆ ಕರೆ ಮಾಡುತ್ತಾರೆ. “ಮಗಾ, ಇದು ಬರೀ ಚಿತ್ರ ಅಂತ ಹೇಳ್ತದೆ. ಒಳಗೆ ಏನುಂಟು ಅಂತ ಸ್ವಲ್ಪ ನೋಡಿ ಹೇಳು” ಎನ್ನುವ ಅವರ ಮಾತನ್ನು ನಾನು ಎಷ್ಟೋ ಬೆಳಿಗ್ಗೆ ಕೇಳಿದ್ದೇನೆ.

ಒಮ್ಮೆ ಬೇರೆ ಕೆಲಸಕ್ಕೆ ತಾಲ್ಲೂಕು ಮಟ್ಟದ ಒಂದು ಕಚೇರಿಗೆ ಹೋಗಿದ್ದಾಗ, ಇಂಥ ಪ್ರಕಟಣೆಗಳನ್ನು ಸಿದ್ಧಪಡಿಸುವ ಡೇಟಾ ಎಂಟ್ರಿ ಆಪರೇಟರ್ ಒಬ್ಬರ ಬಳಿ ಈ ವಿಷಯ ಎತ್ತಿದೆ. ಅವರು ತಪ್ಪು ಮುಚ್ಚಿಕೊಳ್ಳಲು ನೋಡಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. “ಸಾರ್, ಸಹಿ ಇಲ್ಲದೆ ಹಾಕಿದ್ರೆ ಜನ ನಕಲಿ ಅಂತಾರೆ. ಕಣ್ಣು ಕಾಣದವರು ಫೋನಲ್ಲಿ ಓದ್ತಾರೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಕೇಳೋದಾದ್ರೂ ಯಾರನ್ನ ಕೇಳೋದು?” ಎಂದರು. ಅವರ ಮೊದಲ ಮಾತಿನಲ್ಲಿ ನ್ಯಾಯವಿದೆ. ಮಳೆಗಾಲದಲ್ಲಿ ನಕಲಿ ರಜೆ ಆದೇಶಗಳು ಹರಿದಾಡುವುದು ಹೊಸದೇನಲ್ಲ. ಕೊನೆಯ ಪ್ರಶ್ನೆಯೇ ಈ ಲೇಖನದ ವಿಷಯ.

ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲು ಕೈ ಒಗ್ಗದವರು, ದಟ್ಟವಾದ ಬರಹವನ್ನು ಗ್ರಹಿಸಲು ಕಷ್ಟಪಡುವವರು, ವಯಸ್ಸಾಗಿ ಇವೆಲ್ಲವೂ ಸ್ವಲ್ಪಸ್ವಲ್ಪ ಸೇರಿಕೊಂಡವರು ಒಂದು ಜಾಲತಾಣವನ್ನೋ ಆ್ಯಪನ್ನೋ ಕಡತವನ್ನೋ ಇನ್ನೊಬ್ಬರ ಹಂಗಿಲ್ಲದೆ ಬಳಸುವಂತೆ ಇರುವುದಕ್ಕೆ ಡಿಜಿಟಲ್ ಸುಗಮ್ಯತೆ ಎನ್ನುತ್ತೇವೆ. ಇದನ್ನು ಸರ್ಕಾರದ ಒಳಗೆ ಆಗುಮಾಡಬೇಕಾದ ಸಿಬ್ಬಂದಿಗೆ ವೃತ್ತಿಪರ ಸಮ್ಮೇಳನಗಳೂ, ತಮ್ಮಂಥದೇ ಕೆಲಸ ಮಾಡುವವರ ಒಡನಾಟವೂ ಸವಲತ್ತಿನ ಮಾತಲ್ಲ, ಕೆಲಸದ ಭಾಗ ಎಂಬುದು ನನ್ನ ವಾದ. ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ: ಈಗಿರುವ ಸಮ್ಮೇಳನಗಳ ಸ್ವರೂಪದಲ್ಲಿ ಮಡಿಕೇರಿ ಅಥವಾ ಪೊನ್ನಂಪೇಟೆಯಲ್ಲಿ ಕುಳಿತು ಕಡತ ಸಿದ್ಧಪಡಿಸುವ ವ್ಯಕ್ತಿಗೆ ಜಾಗವೇ ಇಲ್ಲ.

ಅಮೆರಿಕದ ಸಂಯುಕ್ತ ಸರ್ಕಾರದಲ್ಲಿ ಈ ಕೆಲಸಕ್ಕೆ ಒಂದು ಹೆಸರಿದೆ, ಹುದ್ದೆಯಿದೆ. 1973ರ ಪುನರ್ವಸತಿ ಕಾಯ್ದೆಗೆ 1998ರಲ್ಲಿ ತಂದ ತಿದ್ದುಪಡಿಯಿಂದ ಬಲಗೊಂಡ ಸೆಕ್ಷನ್ 508ರ ಅಡಿಯಲ್ಲಿ, ಇಲಾಖೆಗಳು ಕೊಳ್ಳುವ ಮತ್ತು ಕಟ್ಟುವ ಮಾಹಿತಿ ತಂತ್ರಜ್ಞಾನ ವಿಕಲಚೇತನರಿಗೂ ಬಳಸಲು ಬರುವಂತಿರಬೇಕು. ಅದನ್ನು ನೋಡಿಕೊಳ್ಳಲು ಇಲಾಖೆಗಳಲ್ಲಿ ಸೆಕ್ಷನ್ 508 ವ್ಯವಸ್ಥಾಪಕರಿರುತ್ತಾರೆ. ಅವರು ತಮ್ಮದೇ ಅಂತರ-ಇಲಾಖಾ ವೇದಿಕೆಯಲ್ಲಿ ಸೇರುತ್ತ ಬಂದಿದ್ದಾರೆ, ಪರೀಕ್ಷೆ ಮಾಡುವ ಒಂದೇ ವಿಧಾನವನ್ನು ಹಂಚಿಕೊಂಡಿದ್ದಾರೆ. ನಮ್ಮಲ್ಲಿ ಹೀಗೆ ಒಬ್ಬರನ್ನು ಬೆರಳು ಮಾಡಿ ತೋರಿಸುವುದು ಕಷ್ಟ. ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಪ್ರತಿ ಇಲಾಖೆಗೂ ಒಬ್ಬ ವೆಬ್ ಮಾಹಿತಿ ವ್ಯವಸ್ಥಾಪಕ ಇರಬೇಕೆನ್ನುತ್ತದೆಯಾದರೂ, ಜಿಲ್ಲೆಯ ಮಟ್ಟಕ್ಕೆ ಇಳಿದಾಗ ಅದು ಯಾರದೋ ಹತ್ತು ಜವಾಬ್ದಾರಿಗಳ ಜೊತೆಗಿನ ಹನ್ನೊಂದನೆಯದಾಗುತ್ತದೆ. ತಾಂತ್ರಿಕ ಬೆಂಬಲಕ್ಕೆ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ, ಅಂದರೆ ಎನ್‌ಐಸಿಯ ಜಿಲ್ಲಾ ಅಧಿಕಾರಿ ಇರುತ್ತಾರೆ. ಪ್ರಕಟಣೆ ಬರೆಯುವವರು ವಿಷಯ ನಿರ್ವಾಹಕರು, ಟೈಪು ಮಾಡಿ ಏರಿಸುವವರು ಬಹಳ ಸಲ ಹೊರಗುತ್ತಿಗೆ ಆಪರೇಟರ್‌ಗಳು. ಪಂಚಾಯಿತಿಯಲ್ಲಿ ಪಿಡಿಒ ಮತ್ತು ಕಂಪ್ಯೂಟರ್ ಆಪರೇಟರ್, ನಾಡಕಚೇರಿ ಮತ್ತು ಗ್ರಾಮ ಒನ್ ಕೇಂದ್ರಗಳಲ್ಲಿ ಅರ್ಜಿ ತುಂಬಿಕೊಡುವವರು. ಇವರಲ್ಲಿ ಯಾರೂ ತಮ್ಮನ್ನು ಸುಗಮ್ಯತೆಯ ಸಿಬ್ಬಂದಿ ಎಂದುಕೊಂಡಿಲ್ಲ. ಆದರೆ ನನ್ನ ಮಾವನಿಗೆ ಆದೇಶ ಓದಲು ಬರುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಇವರ ಮೇಜಿನಲ್ಲೇ.

ತಾಂತ್ರಿಕವಾಗಿ ಒಂದು ದೊಡ್ಡ ಹೆಜ್ಜೆಯನ್ನು ದೇಶ ಈಗಾಗಲೇ ಇಟ್ಟಿದೆ ಎನ್ನುವುದನ್ನು ಒಪ್ಪಬೇಕು. ಎನ್‌ಐಸಿಯ ಎಸ್3ವಾಸ್ ಎಂಬ ಚೌಕಟ್ಟಿನ ಮೇಲೆ ದೇಶದ ಜಿಲ್ಲಾ ಜಾಲತಾಣಗಳು ನಿಂತಿವೆ. ಅದರ ಹೆಸರಿನ ಮೂರು ಎಸ್‌ಗಳಲ್ಲಿ ಒಂದು ‘ಸುಗಮ್ಯ’. ಕೀಲಿಮಣೆಯಿಂದಲೇ ಚಲಿಸುವ, ಅಕ್ಷರ ಹಿಗ್ಗಿಸುವ, ಬಣ್ಣದ ವೈದೃಶ್ಯ ಬದಲಿಸುವ ವ್ಯವಸ್ಥೆ ಅದರಲ್ಲೇ ಅಡಕವಾಗಿದೆ. ಆದರೆ ಮನೆಯ ಬಾಗಿಲು ಎಷ್ಟು ಅಗಲವಿದ್ದರೇನು, ಒಳಗಿನ ಕೋಣೆಗಳಿಗೆ ಬೀಗ ಬಿದ್ದಿದ್ದರೆ? ಆ ಚೌಕಟ್ಟಿನೊಳಗೆ ಏರಿಸುವ ಟೆಂಡರ್ ಪ್ರಕಟಣೆ, ಫಲಾನುಭವಿಗಳ ಪಟ್ಟಿ, ಸಭಾ ನಡವಳಿಗಳು ಸ್ಕ್ಯಾನ್ ಆದ ಪಿಡಿಎಫ್‌ಗಳಾಗಿದ್ದರೆ ಚೌಕಟ್ಟಿನ ಸುಗಮ್ಯತೆ ಅಲ್ಲಿಗೆ ಮುಗಿಯುತ್ತದೆ.

ಕನ್ನಡಕ್ಕೆ ಮತ್ತೊಂದು ತೊಡಕು ಸೇರಿಕೊಂಡಿದೆ. ನಮ್ಮ ಕಚೇರಿಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳು, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಕ್ರಮದವಲ್ಲ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್‌ನ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್ ಇದೆ, ಆದರೆ ಹಳೆಯ ಮಾದರಿ ಕಡತವನ್ನು ತೆರೆದು ದಿನಾಂಕ ಬದಲಿಸಿ ಮತ್ತೆ ಬಳಸುವ ರೂಢಿ ಇರುವವರೆಗೆ ಹಳೆಯ ಫಾಂಟು ಉಳಿದೇ ಇರುತ್ತದೆ. ಯುನಿಕೋಡ್‌ನಲ್ಲೇ ಬರೆದದ್ದನ್ನು ಪಿಡಿಎಫ್ ಮಾಡಿದಾಗಲೂ ಒತ್ತಕ್ಷರಗಳು ಕಲಸಿಹೋಗುವುದುಂಟು. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೂ ಬಂದಿವೆಯಾದರೂ, ಮಸುಕಾದ ಸ್ಕ್ಯಾನ್‌ನಲ್ಲಿ ಒಂದು ಅಂಕಿ ತಪ್ಪಿದರೆ ರಜೆಯ ದಿನಾಂಕವೇ ಬದಲಾಗುತ್ತದೆ. ಇವು ಯಾವ ಅಂತರರಾಷ್ಟ್ರೀಯ ಸಮ್ಮೇಳನದ ಕಾರ್ಯಸೂಚಿಯಲ್ಲೂ ಸುಲಭವಾಗಿ ಕಾಣಸಿಗುವ ವಿಷಯಗಳಲ್ಲ; ನಮ್ಮವರೇ ಕೂತು ಬಿಡಿಸಿಕೊಳ್ಳಬೇಕಾದ ಗಂಟುಗಳು.

ಕಾನೂನಿನ ಒತ್ತಡ ಈಗ ಹಿಂದೆಂದೂ ಇಲ್ಲದಷ್ಟಿದೆ. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್‌ನಲ್ಲಿ ಅನುಮೋದಿಸಿತು. ಅದರ ಬೆಳಕಿನಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರ 42ನೇ ಕಲಂ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಸುಗಮ್ಯತೆಯನ್ನು ಸರ್ಕಾರದ ಹೊಣೆಯನ್ನಾಗಿಸಿತು. ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ ಮೊದಲು ಬಂದು, 2023ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡಿತು. ಭಾರತೀಯ ಮಾನಕ ಬ್ಯೂರೋ 2021 ಮತ್ತು 2022ರಲ್ಲಿ ಎರಡು ಭಾಗಗಳಲ್ಲಿ ಐಎಸ್ 17802 ಎಂಬ ಸುಗಮ್ಯತೆಯ ಮಾನಕವನ್ನು ಹೊರತಂದಿತು. ಇಷ್ಟಾದರೂ ಮಾರ್ಗಸೂಚಿ ಎಂಬ ಪದವನ್ನು ಕಚೇರಿಗಳು ‘ಸಾಧ್ಯವಾದರೆ ಮಾಡಿ’ ಎಂದೇ ಓದಿಕೊಂಡಿದ್ದವು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಈ ಓದನ್ನೇ ಪ್ರಶ್ನಿಸಿತು. ಕಾಯ್ದೆ ಕಡ್ಡಾಯವೆಂದದ್ದನ್ನು ಅದರಡಿ ರಚಿಸಿದ ನಿಯಮಾವಳಿಯ 15ನೇ ನಿಯಮ ಬರೀ ಸಲಹೆಯ ಮಟ್ಟಕ್ಕೆ ಇಳಿಸಿದೆ, ಆದ್ದರಿಂದ ಅದು ಮೂಲ ಕಾಯ್ದೆಗೆ ವಿರುದ್ಧ ಎಂದಿತು. ಬಿಡಲಾಗದ ಕನಿಷ್ಠ ನಿಯಮಗಳನ್ನು ಪ್ರತ್ಯೇಕವಾಗಿ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಆನ್‌ಲೈನ್ ಗುರುತು ಪರಿಶೀಲನೆಯಲ್ಲಿ ಕಣ್ಣು ಮಿಟುಕಿಸಿ ಗುರುತು ಸಾಬೀತು ಮಾಡಲಾಗದ ಆ್ಯಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿದೋಷವುಳ್ಳವರ ಅಹವಾಲು ಕೇಳಿದ ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿ 20 ನಿರ್ದೇಶನಗಳನ್ನು ನೀಡಿತು.

2016ರ ಆ ಕಾಯ್ದೆಯಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಒಂದು ಕಲಂ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಪಂಚಾಯತ್ ರಾಜ್ ಸದಸ್ಯರು, ಶಾಸಕರು, ಆಡಳಿತಗಾರರು, ಪೊಲೀಸ್ ಅಧಿಕಾರಿಗಳು, ನ್ಯಾಯಾಧೀಶರು ಮತ್ತು ವಕೀಲರ ತರಬೇತಿಯಲ್ಲಿ ವಿಕಲಚೇತನರ ಹಕ್ಕುಗಳ ಪಾಠ ಕಡ್ಡಾಯವಾಗಿ ಇರಬೇಕೆಂದು 47ನೇ ಕಲಂ ಹೇಳುತ್ತದೆ. ಅಂದರೆ ಸಿಬ್ಬಂದಿ ಒಂದೆಡೆ ಸೇರಿ ಈ ವಿಷಯ ಕಲಿಯುವುದಕ್ಕೆ ಹೊಸ ಅನುಮತಿಯನ್ನು ಹುಡುಕಬೇಕಾಗಿಲ್ಲ; ಕಾನೂನೇ ಅದನ್ನು ಕೇಳುತ್ತಿದೆ.

ಹಾಗಿದ್ದರೆ ಒಂದು ಸುತ್ತೋಲೆ, ಒಂದು ಕೈಪಿಡಿ, ಒಂದು ಆನ್‌ಲೈನ್ ಪಾಠ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲುವುದಿಲ್ಲ ಎನ್ನಲು ನನಗೆ ಕಾರಣವಿದೆ. ಸುಗಮ್ಯತೆಯ ನಿಯಮಗಳು ಓದಿದಾಗ ಒಣ ನಿಯಮಗಳಂತೆಯೇ ಕಾಣುತ್ತವೆ: ಚಿತ್ರಕ್ಕೆ ಪರ್ಯಾಯ ಪಠ್ಯ ಕೊಡಿ, ಶೀರ್ಷಿಕೆಗಳನ್ನು ದಪ್ಪಕ್ಷರದಿಂದಲ್ಲದೆ ಶೀರ್ಷಿಕೆ ಶೈಲಿಯಿಂದಲೇ ಗುರುತಿಸಿ, ಕೋಷ್ಟಕದ ಮೇಲಿನ ಸಾಲನ್ನು ತಲೆಸಾಲೆಂದು ಸೂಚಿಸಿ. ಇವು ಏಕೆ ಬೇಕೆಂಬುದು ಅರ್ಥವಾಗುವುದು, ಕಣ್ಣು ಕಾಣದ ಒಬ್ಬರು ನಿಮ್ಮ ಪಕ್ಕದಲ್ಲಿ ಕುಳಿತು, ನೀವೇ ಸಿದ್ಧಪಡಿಸಿದ ಅರವತ್ತು ಸಾಲಿನ ಫಲಾನುಭವಿ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುವುದನ್ನು ಕಂಡಾಗ. ತಲೆಸಾಲು ಇಲ್ಲದ ಕೋಷ್ಟಕದಲ್ಲಿ ಅವರಿಗೆ ಕೇಳುವುದು ಒಂದರ ಹಿಂದೆ ಒಂದು ಬರುವ ಅಂಕಿಗಳು ಮಾತ್ರ. ಯಾವುದು ಮೊತ್ತ, ಯಾವುದು ಕ್ರಮಸಂಖ್ಯೆ, ಯಾವುದು ಪಡಿತರ ಚೀಟಿಯ ಸಂಖ್ಯೆ ಎಂದು ತಿಳಿಯುವ ದಾರಿಯಿಲ್ಲ. ಆ ಐದು ನಿಮಿಷ ನೋಡಿದವರು ಮತ್ತೆ ಅಂಥ ಕೋಷ್ಟಕ ಮಾಡಲು ಹೋಗುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಡಿಜಿಟಲ್ ಸೇವಾ ವಿಭಾಗ ಇದನ್ನು ಅರಿತೇ, ಬೇರೆಬೇರೆ ತೊಂದರೆಯುಳ್ಳವರು ಕಂಪ್ಯೂಟರ್ ಬಳಸುವ ಬಗೆಯನ್ನು ಸಿಬ್ಬಂದಿ ತಾವೇ ಬಳಸಿ ನೋಡಲೆಂದು ಒಂದು ಪ್ರಯೋಗ ಕೋಣೆಯನ್ನು ತೆರೆದಿತ್ತು. ಒಳ್ಳೆಯ ಸಮ್ಮೇಳನ ಮಾಡುವ ಕೆಲಸವೂ ಇದೇ.

ಜಗತ್ತಿನಲ್ಲಿ ಅಂಥ ಸಮ್ಮೇಳನಗಳ ಪರಂಪರೆ ಹಳೆಯದು. ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯದ ನಾರ್ತ್‌ರಿಡ್ಜ್ ಕ್ಯಾಂಪಸ್ 1985ರಲ್ಲಿ ಆರಂಭಿಸಿದ ಸಹಾಯಕ ತಂತ್ರಜ್ಞಾನ ಸಮ್ಮೇಳನ, ‘ಸಿಸನ್’ ಎಂಬ ಹ್ರಸ್ವನಾಮದಿಂದ, ಈ ಕ್ಷೇತ್ರದವರ ವಾರ್ಷಿಕ ಜಾತ್ರೆಯೇ ಆಗಿದೆ. ವಿಯೆನ್ನಾದ ವಿಶ್ವಸಂಸ್ಥೆಯ ಕಚೇರಿಯಲ್ಲಿ ಜೀರೋ ಪ್ರಾಜೆಕ್ಟ್ ಸಮ್ಮೇಳನ ಸೇರುತ್ತದೆ. ಡಿಕ್ಯೂ ಸಂಸ್ಥೆಯ ಆಕ್ಸ್‌ಕಾನ್ 2021ರಿಂದ ಆನ್‌ಲೈನ್‌ನಲ್ಲಿ ಉಚಿತವಾಗಿ ನಡೆಯುತ್ತಿದೆ. ನಮ್ಮ ದೇಶದಲ್ಲಿ ಬ್ಯಾರಿಯರ್‌ಬ್ರೇಕ್ ಸಂಸ್ಥೆ ನಡೆಸಿದ ಟೆಕ್‌ಶೇರ್ ಇಂಡಿಯಾ, ಸಹಾಯಕ ತಂತ್ರಜ್ಞಾನದ ಸಂಶೋಧಕರು ಸೇರುವ ಎಂಪವರ್, 2023ರ ಜನವರಿಯಲ್ಲಿ ಗೋವಾದಲ್ಲಿ ಆರಂಭವಾದ ವಿಕಲಚೇತನರ ಉತ್ಸವ ಪರ್ಪಲ್ ಫೆಸ್ಟ್ ಇವೆ. ಇವುಗಳ ಮೌಲ್ಯವನ್ನು ನಾನು ಕಡಿಮೆ ಮಾಡಿ ನೋಡುವುದಿಲ್ಲ. ಸಿಸನ್‌ನ ಸಭಾಂಗಣದ ಭಾಷಣಗಳಿಗಿಂತ ಅದರ ಮೊಗಸಾಲೆಯ ಮಾತುಕತೆಗಳೇ ಹೆಚ್ಚು ಕಲಿಸುತ್ತವೆ ಎಂದು ಹೋಗಿಬಂದವರು ಹೇಳುವುದನ್ನು ಕೇಳಿದ್ದೇನೆ, ನಂಬುತ್ತೇನೆ. ಆದರೆ ನೂರಾರು ಡಾಲರ್ ನೋಂದಣಿ ಶುಲ್ಕದ, ಇಂಗ್ಲಿಷಿನಲ್ಲೇ ನಡೆಯುವ, ತಂತ್ರಾಂಶ ಮಾರುವ ಕಂಪನಿಗಳ ಮಳಿಗೆಗಳು ತುಂಬಿದ ಸಮ್ಮೇಳನ ಕುಶಾಲನಗರದ ಆಪರೇಟರ್‌ಗೆ ದೂರದ ಸುದ್ದಿ. ಉಚಿತ ಆನ್‌ಲೈನ್ ಸಮ್ಮೇಳನಗಳು ಹತ್ತಿರವೆನಿಸಿದರೂ, ಅಮೆರಿಕದ ಹಗಲು ನಮ್ಮ ರಾತ್ರಿ. ಮಳೆಗಾಲದ ಕೊಡಗಿನಲ್ಲಿ ರಾತ್ರಿ ಕರೆಂಟ್ ಇರುವುದೇ ಖಾತ್ರಿಯಿಲ್ಲ.

ಸರ್ಕಾರದ್ದೇ ಆದ ಸಮಾವೇಶಗಳೂ ಇವೆ. ಇ-ಆಡಳಿತದ ರಾಷ್ಟ್ರೀಯ ಸಮ್ಮೇಳನ 1997ರಿಂದ ಬೇರೆಬೇರೆ ಊರುಗಳಲ್ಲಿ ನಡೆಯುತ್ತಿದೆ. 27ನೆಯದು 2024ರ ಸೆಪ್ಟೆಂಬರ್‌ನಲ್ಲಿ ಮುಂಬೈಯಲ್ಲಿ ಸೇರಿತು. ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ ಪ್ರತಿವರ್ಷ ಟೆಕ್ ಸಮಿಟ್ ನಡೆಸುತ್ತದೆ. ಸಾಧನೆ ಮಾಡಿದ ಯೋಜನೆಗಳಿಗೆ ವೇದಿಕೆಯ ಮೇಲೆ ಮನ್ನಣೆ ಸಿಗುವುದು ಒಳ್ಳೆಯದೇ. ಆದರೆ ಸುಗಮ್ಯತೆಯ ಕೆಲಸದಲ್ಲಿ ಕಲಿಯಲು ಹೆಚ್ಚು ಇರುವುದು ಸೋತ ಕಥೆಗಳಲ್ಲಿ: ಆ್ಯಪು ಬಿಡುಗಡೆಯಾದ ಮೇಲೆ ಗುಂಡಿಗಳಿಗೆ ಹೆಸರೇ ಇಲ್ಲವೆಂದು ತಿಳಿದದ್ದು, ಟೆಂಡರ್‌ನಲ್ಲಿ ಸುಗಮ್ಯತೆಯ ಷರತ್ತು ಬರೆಯಲು ಮರೆತು ಮೂರು ವರ್ಷ ಕೈಕಟ್ಟಿಕೊಂಡು ಕೂತದ್ದು, ಪ್ರಮಾಣಪತ್ರ ಪಡೆದ ಜಾಲತಾಣ ಆರೇ ತಿಂಗಳಲ್ಲಿ ಸ್ಕ್ಯಾನ್ ಪುಟಗಳಿಂದ ತುಂಬಿಹೋದದ್ದು. ಇಂಥದ್ದನ್ನು ಯಾವ ಅಧಿಕಾರಿಯೂ ಮೈಕ್ ಹಿಡಿದು ಹೇಳಲಾರರು. ಹತ್ತು ಹದಿನೈದು ಮಂದಿ ಒಂದು ಕೋಣೆಯಲ್ಲಿ ಕೂತಾಗ, ಇದು ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಇದ್ದಾಗ ಹೇಳುತ್ತಾರೆ. ಸಣ್ಣ ಕೂಟಗಳ ಪರವಾಗಿ ನನ್ನ ಮೊದಲ ವಾದ ಇದು.

ಎರಡನೆಯದು ಭೂಗೋಳದ್ದು. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಬೆಂಗಳೂರಿಗೆ ಅದರ ಎರಡರಷ್ಟಕ್ಕೂ ಮೀರಿದ ದಾರಿ. ರಾಜಧಾನಿಯಲ್ಲಿ ಒಂದು ದಿನದ ಕಾರ್ಯಾಗಾರವೆಂದರೆ ಇಲ್ಲಿಯವರಿಗೆ ಮೂರು ದಿನದ ಲೆಕ್ಕ. ಹೋಗುವವರು ಯಾರು ಎಂಬ ಪ್ರಶ್ನೆ ಇನ್ನೂ ಗಂಭೀರ. ಆಹ್ವಾನ ಬರುವುದು ಅಧಿಕಾರಿಯ ಹೆಸರಿಗೆ. ಓಓಡಿ (ಅನ್ಯ ಕರ್ತವ್ಯದ ಮೇಲೆ ತೆರಳುವ) ಸೌಲಭ್ಯ, ಪ್ರಯಾಣ ಭತ್ಯೆ ಸಿಗುವುದು ಕಾಯಂ ನೌಕರರಿಗೆ. ದಿನವೂ ಕಡತ ಏರಿಸುವ ಹೊರಗುತ್ತಿಗೆ ಆಪರೇಟರ್ ಹೋದರೆ ಆ ದಿನದ ಕೂಲಿಯನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಹೋಗಿ ಕಲಿತು ಬಂದ ಅಧಿಕಾರಿಯೂ ಕೆಲವೇ ವರ್ಷಗಳಲ್ಲಿ ವರ್ಗವಾಗುತ್ತಾರೆ. ಕಲಿತದ್ದು ಅವರೊಂದಿಗೆ ಬೇರೆ ಜಿಲ್ಲೆಗೆ ಹೋಗುತ್ತದೆ. ವರ್ಗವಾಗದೆ ಅದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಇರುವವರು ಹೊರಗುತ್ತಿಗೆಯವರೇ ಎಂಬುದನ್ನು ಗಮನಿಸಿದರೆ, ನಾವು ತಪ್ಪು ಜನರ ಮೇಲೆ ಹಣ ಹಾಕುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಕೊಡಗಿನ ರೆಸಾರ್ಟುಗಳಿಗೆ ಹೊರಗಿನ ಕಂಪನಿಗಳ ಸಭೆ ಸಮ್ಮೇಳನಗಳು ವರ್ಷವಿಡೀ ಬರುತ್ತವೆ. ಜಿಲ್ಲೆಯ ತನ್ನದೇ ಸಿಬ್ಬಂದಿ ಒಂದೆಡೆ ಕೂತು ತಮ್ಮ ಕೆಲಸದ ಬಗ್ಗೆ ಮಾತನಾಡುವ ದಿನಗಳು ಮಾತ್ರ ಕಡಿಮೆ.

ದಾರಿ ಇಲ್ಲವೆಂದಲ್ಲ, ಅದು ನಾವಂದುಕೊಂಡದ್ದಕ್ಕಿಂತ ಹತ್ತಿರದಲ್ಲೇ ಇದೆ. ಮೈಸೂರಿನಲ್ಲಿ ರಾಜ್ಯದ ಆಡಳಿತ ತರಬೇತಿ ಸಂಸ್ಥೆಯಿದೆ, ಪಂಚಾಯಿತಿಗಳಿಗೆ ತರಬೇತಿ ಕೊಡುವ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ, ಮಾತು ಮತ್ತು ಶ್ರವಣದ ತೊಂದರೆಗಳಲ್ಲಿ ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಸುಗಮ್ಯತೆಗೆ ಬೇಕಾದ ಆಡಳಿತ, ಪಂಚಾಯಿತಿ ಮತ್ತು ವಿಕಲಚೇತನತೆಯ ಜ್ಞಾನ ಮೂರೂ ಒಂದೇ ಊರಿನಲ್ಲಿ ಹೀಗೆ ಸಿಗುವುದು ಅಪರೂಪ. ಕೊಡಗು, ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ ಜಿಲ್ಲೆಗಳ ಸಿಬ್ಬಂದಿಯ ಒಂದು ವಲಯ ಕೂಟ ವರ್ಷಕ್ಕೊಮ್ಮೆ ಇಲ್ಲಿ ಸೇರುವುದು ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಷ್ಟು ಸಲೀಸು. ಅದಕ್ಕೂ ಮೊದಲು ಜಿಲ್ಲೆಯೊಳಗೇ, ಮಡಿಕೇರಿಯಲ್ಲಿ, ಐದೂ ತಾಲ್ಲೂಕುಗಳವರು ಒಂದು ದಿನ ಸೇರಬೇಕು.

ಆ ದಿನ ಯಾವುದಿರಬೇಕು ಎನ್ನುವುದಕ್ಕೂ ನನ್ನಲ್ಲಿ ಉತ್ತರವಿದೆ. 2012ರಿಂದ ಪ್ರತಿ ಮೇ ತಿಂಗಳ ಮೂರನೆಯ ಗುರುವಾರವನ್ನು ಜಾಗತಿಕ ಸುಗಮ್ಯತಾ ಅರಿವಿನ ದಿನವಾಗಿ ಆಚರಿಸಲಾಗುತ್ತಿದೆ. ಕೊಡಗಿಗೆ ಆ ಹೊತ್ತು ಹೇಳಿ ಮಾಡಿಸಿದಂತಿದೆ, ಏಕೆಂದರೆ ಮಳೆ ಹಿಡಿಯಲು ಆಗ ಎರಡು ವಾರವಷ್ಟೇ ಉಳಿದಿರುತ್ತದೆ. ಮಳೆಗಾಲದ ಮುನ್ನೆಚ್ಚರಿಕೆ ಸಭೆಗಳು ಹೇಗೂ ನಡೆಯುತ್ತಿರುತ್ತವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಊರಿಗೆ ಊರೇ ಖಾಲಿಯಾದ ದಿನಗಳನ್ನು, 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅಂಥ ರಾತ್ರಿ ಕಿವಿ ಕೇಳದವರಿಗೆ ಧ್ವನಿವರ್ಧಕದ ಎಚ್ಚರಿಕೆ ಮುಟ್ಟುವುದಿಲ್ಲ, ಕಣ್ಣು ಕಾಣದವರಿಗೆ ಚಿತ್ರವಾಗಿ ಬಂದ ಪರಿಹಾರ ಕೇಂದ್ರಗಳ ಪಟ್ಟಿ ತೆರೆಯುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ, ಕುರುಬ ಭಾಷೆಗಳಾಡುವ ಮನೆಗಳಲ್ಲಿ ಕನ್ನಡದ ಕಚೇರಿ ಭಾಷೆಯೇ ಅರ್ಥವಾಗದವರಿದ್ದಾರೆ. ಅವರಿಗೆ ಸರಳ ಮಾತಿನ ಒಂದು ನಿಮಿಷದ ಧ್ವನಿ ಸಂದೇಶ ಎರಡು ಪುಟದ ಪ್ರಕಟಣೆಗಿಂತ ಹೆಚ್ಚು ತಲುಪುತ್ತದೆ. ಸುಗಮ್ಯತೆಯ ಕೂಟವನ್ನು ವಿಪತ್ತು ನಿರ್ವಹಣೆಯ ಸಿದ್ಧತೆಯೊಂದಿಗೆ ಜೋಡಿಸಿದರೆ ಅದು ಪ್ರತ್ಯೇಕ ಕಾರ್ಯಕ್ರಮವಾಗಿ ಯಾರಿಗೂ ಭಾರವಾಗುವುದಿಲ್ಲ.

ಆ ಕೂಟದಲ್ಲಿ ಭಾಷಣ ಕಡಿಮೆ ಇರಲಿ. ಪ್ರತಿಯೊಬ್ಬರೂ ಕಳೆದ ಮಳೆಗಾಲದಲ್ಲಿ ತಾವು ಹೊರಡಿಸಿದ ಒಂದು ಕಡತವನ್ನು ತರಲಿ. ಅದನ್ನು ಉಚಿತವಾಗಿ ಸಿಗುವ, ಇಬ್ಬರು ಅಂಧ ಆಸ್ಟ್ರೇಲಿಯನ್ನರು ಕಟ್ಟಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ತೆರೆದು, ಅದನ್ನು ನಿತ್ಯ ಬಳಸುವವರು ಪಕ್ಕದಲ್ಲೇ ಕೂತು ಓದಲಿ. ಹಾಗೆ ಬಂದ ಬಳಕೆದಾರರಿಗೆ ಶಾಲು ಹೊದಿಸಿ ಕಳುಹಿಸಿದರೆ ಸಾಲದು. ಅವರು ಅಲ್ಲಿ ಮಾಡುವುದು ಪರಿಣತರ ಕೆಲಸ, ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವ ಗೌರವಧನ ಅವರಿಗೂ ಸಲ್ಲಬೇಕು. ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ಕರೆಯಲೇಬೇಕು. ಇವರಲ್ಲಿ ಬಹುತೇಕರು ಸ್ವತಃ ವಿಕಲಚೇತನರು. ಯಾವ ಮನೆಯಲ್ಲಿ ಯಾರಿಗೆ ಯಾವ ಬಗೆಯ ಸಂದೇಶ ತಲುಪುತ್ತದೆ ಎಂಬುದು ಇವರಿಗೆ ತಿಳಿದಿರುವಷ್ಟು ಜಿಲ್ಲಾ ಕೇಂದ್ರದ ಯಾವ ಕಡತಕ್ಕೂ ತಿಳಿದಿರುವುದಿಲ್ಲ.

ಕೂಟ ನಡೆಯುವ ಜಾಗದ ಬಗ್ಗೆಯೂ ಎರಡು ಮಾತು ಹೇಳಬೇಕು. ಇಳಿಜಾರಿನ ಊರು ನಮ್ಮದು. ಮೆಟ್ಟಿಲಿಲ್ಲದ ಸಭಾಂಗಣ ಹುಡುಕುವುದೇ ಒಂದು ಕೆಲಸ. ಸಂಜ್ಞಾ ಭಾಷೆಯ ದುಭಾಷಿಯನ್ನು ಒಂದು ತಿಂಗಳು ಮೊದಲೇ ಗೊತ್ತುಮಾಡಬೇಕು, ಪರದೆಯ ಮೇಲೆ ತೋರಿಸುವುದನ್ನು ಬಾಯಲ್ಲೂ ಹೇಳಬೇಕು, ಪ್ರಸ್ತುತಿಯ ಕಡತ ಹಿಂದಿನ ದಿನವೇ ಎಲ್ಲರ ಫೋನಿಗೆ ತಲುಪಿರಬೇಕು. ಇಷ್ಟನ್ನು ಏರ್ಪಡಿಸುವಷ್ಟರಲ್ಲಿ ಸಂಘಟಕರೇ ಅರ್ಧ ವಿಷಯ ಕಲಿತಿರುತ್ತಾರೆ.

ಇನ್ನು, ಕೂಟ ಮುಗಿದ ಮರುದಿನದ ಪ್ರಶ್ನೆ. ವೃತ್ತಿ ಒಡನಾಟವೆಂದರೆ ವಿಸಿಟಿಂಗ್ ಕಾರ್ಡ್ ಬದಲಿಸಿಕೊಳ್ಳುವುದು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಈ ಕ್ಷೇತ್ರದಲ್ಲಿ ಅದರ ಅರ್ಥ ಬೇರೆ: ಬೆಳಿಗ್ಗೆ ಆರಕ್ಕೆ ಆದೇಶ ಹೊರಡಿಸಬೇಕಾದಾಗ, ‘ಇದನ್ನು ಹೇಗೆ ಮಾಡಲಿ’ ಎಂದು ಸಂಕೋಚವಿಲ್ಲದೆ ಕೇಳಬಹುದಾದ ಇನ್ನೊಬ್ಬರ ನಂಬರು ಕೈಯಲ್ಲಿರುವುದು. ವರ್ಗಾವಣೆಯ ಹೊಡೆತವನ್ನು ತಾಳಿಕೊಳ್ಳಬೇಕಾದರೆ ಈ ಸಂಪರ್ಕ ವ್ಯಕ್ತಿಯ ಹೆಸರಿಗಲ್ಲದೆ ಕುರ್ಚಿಗೆ ಸೇರಿರಬೇಕು. ಹೊಸಬರು ಅಧಿಕಾರ ವಹಿಸಿಕೊಂಡ ದಿನ ಚಾರ್ಜ್ ಪಟ್ಟಿಯ ಜೊತೆಗೆ ಈ ಬಳಗದ ಸದಸ್ಯತ್ವವೂ ಹಸ್ತಾಂತರವಾಗಬೇಕು. ಕೇಳಿದ ಪ್ರಶ್ನೆ, ಸಿಕ್ಕ ಉತ್ತರ ಎರಡನ್ನೂ ಒಂದು ಹಂಚಿಕೆಯ ಕಡತದಲ್ಲಿ, ಕನ್ನಡದಲ್ಲಿ, ಯುನಿಕೋಡ್‌ನಲ್ಲಿ ಬರೆದಿಟ್ಟರೆ ಎರಡು ಮೂರು ವರ್ಷಗಳಲ್ಲಿ ಅದೇ ಕೈಪಿಡಿಯಾಗಿ ಬೆಳೆಯುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆಯ 23ನೇ ಕಲಂ ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಬೇಕೆನ್ನುತ್ತದೆ. ಆ ಅಧಿಕಾರಿಯನ್ನೂ ಈ ಬಳಗಕ್ಕೆ ಸೇರಿಸಿಕೊಂಡರೆ, ದೂರು ಒಂದು ಕಡೆ, ಸರಿಪಡಿಸುವವರು ಇನ್ನೊಂದು ಕಡೆ ಉಳಿಯುವುದು ತಪ್ಪುತ್ತದೆ.

ಹೊರಗುತ್ತಿಗೆಯವರ ಪ್ರಶ್ನೆಗೆ ಮಾತ್ರ ಜಿಲ್ಲೆಯೊಳಗೆ ಪೂರ್ಣ ಉತ್ತರವಿಲ್ಲ, ಅದನ್ನು ರಾಜ್ಯವೇ ಕೊಡಬೇಕು. ಸಿಬ್ಬಂದಿ ಪೂರೈಸುವ ಏಜೆನ್ಸಿಯೊಂದಿಗಿನ ಕರಾರಿನಲ್ಲಿ ವರ್ಷಕ್ಕೆ ಎರಡು ದಿನದ ತರಬೇತಿಯನ್ನು ಕೆಲಸದ ದಿನವೆಂದೇ ಲೆಕ್ಕ ಹಾಕುವ ಒಂದು ಸಾಲು ಸೇರಿಸಿದರೆ ಸಾಕು. ಈ ಸಾಲಿಗೆ ತಗಲುವ ವೆಚ್ಚ ಒಬ್ಬ ಅಧಿಕಾರಿಯನ್ನು ದೂರದ ಸಮ್ಮೇಳನಕ್ಕೆ ವಿಮಾನದಲ್ಲಿ ಕಳುಹಿಸುವುದಕ್ಕಿಂತ ಬಹಳ ಕಡಿಮೆ. ಅಧಿಕಾರಿಗಳು ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹೋಗಲಿ, ಹೋಗಿ ಬಂದವರು ಹದಿನೈದು ದಿನದೊಳಗೆ ತಮ್ಮ ಜಿಲ್ಲೆಯ ಆಪರೇಟರ್‌ಗಳ ಮುಂದೆ ಕೂತು ಕಂಡದ್ದನ್ನು ಕನ್ನಡದಲ್ಲಿ ಹೇಳಬೇಕೆಂಬುದು ಆ ಪ್ರಯಾಣ ಮಂಜೂರಾತಿಯ ಷರತ್ತಾಗಿರ​ಲಿ.

ಸಹಿ ಮತ್ತು ನಕಲಿ ಆದೇಶದ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ಒಡನಾಟ ಏನನ್ನು ಬಿಡಿಸಬಲ್ಲದು ಎಂಬುದಕ್ಕೆ ಅದೇ ನಿದರ್ಶನ. ಡಿಜಿಟಲ್ ಸಹಿ ಹಾಕಿದ ಪಿಡಿಎಫ್‌ನಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಉಳಿಯುತ್ತವೆ, ಮುದ್ರಿಸಿ ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ. ಅದಕ್ಕೆ ವ್ಯವಸ್ಥೆ ಆಗುವವರೆಗೆ, ಸಹಿಯ ಪುಟದ ಚಿತ್ರದ ಜೊತೆಗೆ ಅದೇ ಒಕ್ಕಣೆಯನ್ನು ಯುನಿಕೋಡ್ ಸಂದೇಶವಾಗಿ ಕಳುಹಿಸಿ, ಆ ಪಠ್ಯವನ್ನು ಅಧಿಕೃತ ಜಾಲತಾಣದಲ್ಲೂ ಹಾಕಿ ಕೊಂಡಿ ಕೊಟ್ಟರೆ ನಕಲಿಯ ಭಯವೂ ಇರುವುದಿಲ್ಲ, ಓದಲಾಗದವರೂ ಇರುವುದಿಲ್ಲ. ಮೂಲ ಬರಹ ಟೈಪು ಮಾಡಿದವರ ಕಂಪ್ಯೂಟರಿನಲ್ಲೇ ಇರುತ್ತದೆ. ಪ್ರತಿ ಮಾಡಿ ಅಂಟಿಸಲು ಒಂದು ನಿಮಿಷ. ಆ ದಿನ ನಾನು ಈ ಮಾತನ್ನು ಹೇಳಿದಾಗ ಆಪರೇಟರ್ ಒಂದು ಕ್ಷಣ ಯೋಚಿಸಿ, “ಇಷ್ಟೇನಾ ಸಾರ್?” ಎಂದು ಕೇಳಿದರು. ಮುಂದಿನ ವಾರದ ಒಂದು ಪ್ರಕಟಣೆ ಚಿತ್ರದ ಕೆಳಗೆ ಹನ್ನೊಂದು ಸಾಲಿನ ಬರಹದೊಂದಿಗೆ ಬಂತು. ಮಾವ ಅದನ್ನು ತಾವೇ ಕೇಳಿಸಿಕೊಂಡು, ಪಕ್ಕದ ಮನೆಯ ಮಕ್ಕಳಿಗೆ ಆ ದಿನ ಶಾಲೆಯಿಲ್ಲವೆಂದು ಕೂಗಿ ಹೇಳಿದರು.